ಕಪಾಟಿಗೆ ಬೀಗ ಹಾಕುವ ಮೊದಲು

ನಮ್ಮ ಸಂಘದ ಓದುಗರ ಕೂಟದಲ್ಲಿ ಈಚೆಗೊಂದು ದಿನ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕಾದಂಬರಿಯನ್ನು ಕುರಿತು ಮಾತುಕತೆ ನಡೆಯಿತು. ತೆಲುಗಿನಿಂದ ಕನ್ನಡಕ್ಕೆ ಬಂದು, ೧೯೮೫ರಲ್ಲಿ ಕನ್ನಡ ಚಲನಚಿತ್ರವೂ ಆಗಿ, ಒಂದು ತಲೆಮಾರಿನ ನಿದ್ದೆಗೆಡಿಸಿದ ಕೃತಿ ಅದು. ಆಸ್ತಿಯ ಆಸೆಗಾಗಿ ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುತ್ತಾರೆ. ಮಗು ದಿನದಿನಕ್ಕೂ ಸೊರಗುತ್ತದೆ. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಂತ್ರವಾದಿಗಳು ಅದನ್ನು ಉಳಿಸಲು ಹೆಣಗುತ್ತಾರೆ. ಮಾತು ಅಲ್ಲಿಗೇ ನಿಲ್ಲದೆ ಅದೇ ಲೇಖಕರ 'ಬೆಳದಿಂಗಳ ಬಾಲೆ'ಗೆ ಹರಿದು, ಅಲ್ಲಿಂದ ಪ್ರೇಮ, ಕುತೂಹಲ, ದೆವ್ವ, ಜನ್ಮಾಂತರ ಎಲ್ಲವೂ ಬೆರೆತ ಕಾದಂಬರಿಗಳ ಇಡೀ ಸಂತತಿಗೇ ವಿಸ್ತರಿಸಿತು.

ಅಂದು ಕೇಳಿಬಂದ ಅಭಿಪ್ರಾಯಗಳು ಮುಖ್ಯವಾಗಿ ಮೂರು. ಹಿರಿಯರೊಬ್ಬರು, "ಇದು ಸಾಹಿತ್ಯವೇ ಅಲ್ಲ, ಮನೆಯೊಳಗೆ ಇಡಬಾರದ ಪುಸ್ತಕ" ಎಂದರು. ಕೊಯಮತ್ತೂರಿನಲ್ಲಿ ಕೆಲಸದಲ್ಲಿರುವ ತರುಣರೊಬ್ಬರು, "ಅಷ್ಟು ಯೋಚಿಸುವುದೇಕೆ ಸಾರ್, ಹೊತ್ತು ಹೋಗುವುದಕ್ಕೆ ಓದಿದ್ದು, ಮುಗಿಯಿತು" ಎಂದರು. ಹಿಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಮೆಲ್ಲನೆ, "ಇದೆಲ್ಲ ಸುಳ್ಳಲ್ಲ, ನಮ್ಮ ಮನೆಯಲ್ಲೇ ನಡೆದಿದೆ" ಎಂದರು. ಕೂಟದ ಕೊನೆಗೆ, ಇಂಥ ಕಾದಂಬರಿಗಳನ್ನೆಲ್ಲ ಸಂಘದ ಪುಸ್ತಕದ ಕಪಾಟಿನಿಂದ ತೆಗೆದುಹಾಕಿ 'ಸದಭಿರುಚಿಯ' ಗ್ರಂಥಗಳನ್ನು ಮಾತ್ರ ಉಳಿಸಬೇಕೆಂಬ ಸೂಚನೆಯೂ ಬಂದಿತು. ಅನೇಕರು ತಲೆಯಾಡಿಸಿದರು. ನಾವು ತಲೆಯಾಡಿಸಲಿಲ್ಲ. ಆ ದಿನ ಹೊತ್ತಾಗಿತ್ತು. ಹೇಳಬೇಕಾದುದನ್ನು ಈ ಸಂಚಿಕೆಯಲ್ಲಿ ಹೇಳುತ್ತಿದ್ದೇವೆ. ನಮ್ಮ ದೃಷ್ಟಿಯಲ್ಲಿ ಮೂರು ಅಭಿಪ್ರಾಯಗಳೂ ತಪ್ಪು. ಕಪಾಟನ್ನು ಬರಿದು ಮಾಡುವ ಸೂಚನೆ ಮೂರಕ್ಕಿಂತಲೂ ದೊಡ್ಡ ತಪ್ಪು.

ಮೊದಲು 'ಇದು ಸಾಹಿತ್ಯವೇ ಅಲ್ಲ' ಎಂಬ ತೀರ್ಪನ್ನು ನೋಡೋಣ. ದೆವ್ವ, ಶಾಪ, ಪುನರ್ಜನ್ಮ ಬಂದ ಕೂಡಲೆ ಕೃತಿ ಕೀಳಾಗುತ್ತದೆಂಬುದು ಇದರ ಆಧಾರ. ಹಾಗಾದರೆ ಈ ಮಹನೀಯರು ಮೊದಲು 'ಕಾದಂಬರಿ' ಎಂಬ ಹೆಸರನ್ನೇ ಬಿಡಬೇಕಾಗುತ್ತದೆ. ಇಂಗ್ಲಿಷಿನ 'ನಾವೆಲ್' ಎಂಬುದಕ್ಕೆ ಕನ್ನಡಿಗರೂ ಮರಾಠಿಗರೂ ಇಟ್ಟುಕೊಂಡ ಈ ಹೆಸರು, ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯದ್ದು. ಅದರಲ್ಲಿ ಏನಿದೆ? ಒಂದು ಗಿಳಿ ರಾಜಸಭೆಗೆ ಬಂದು ಕಥೆ ಹೇಳುತ್ತದೆ. ಪುಂಡರೀಕನೆಂಬ ಋಷಿಕುಮಾರ ಪ್ರೇಮತಾಪದಿಂದ ಸಾಯುತ್ತಾನೆ. ಮಹಾಶ್ವೇತೆ ಅಚ್ಛೋದ ಸರೋವರದ ದಡದಲ್ಲಿ ಅವನಿಗಾಗಿ ಕಾಯುತ್ತ ತಪಸ್ಸು ಮಾಡುತ್ತಾಳೆ. ಚಂದ್ರಾಪೀಡನ ಜೀವ ಹೋದರೂ ದೇಹ ಕೆಡದೆ ಉಳಿಯುತ್ತದೆ. ಕಾದಂಬರಿ ಅದನ್ನು ಕಾದು ಕುಳಿತಿರುತ್ತಾಳೆ. ಗಿಳಿ ಹಿಂದಿನ ಜನ್ಮದಲ್ಲಿ ಯಾರಾಗಿತ್ತು, ಕೇಳುತ್ತಿರುವ ಶೂದ್ರಕ ರಾಜನು ಯಾರು ಎಂಬ ಗುಟ್ಟು ಬಿಚ್ಚಿಕೊಳ್ಳುವುದು ಕಡೆಯಲ್ಲಿ. ಪ್ರೇಮ, ಕುತೂಹಲ, ಅತಿಮಾನುಷ ಮೂರೂ ಹಾಸುಹೊಕ್ಕಾಗಿರುವ ಇಂಥ ಕಥೆಯನ್ನು ನಾಗವರ್ಮನು ಸುಮಾರು ಸಾವಿರ ವರ್ಷಗಳ ಹಿಂದೆಯೇ ಚಂಪೂ ರೂಪದಲ್ಲಿ ಕನ್ನಡಕ್ಕೆ ತಂದನು. ನೇಮಿಚಂದ್ರನ 'ಲೀಲಾವತಿ ಪ್ರಬಂಧ'ದಲ್ಲಿ ನಾಯಕನೂ ನಾಯಿಕೆಯೂ ಒಬ್ಬರನ್ನೊಬ್ಬರು ಮೊದಲು ಕಾಣುವುದು ಕನಸಿನಲ್ಲಿ. ಜನ್ನನ 'ಯಶೋಧರ ಚರಿತೆ' ಜನ್ಮದಿಂದ ಜನ್ಮಕ್ಕೆ ಸಾಗುತ್ತದೆ. ಇವುಗಳನ್ನು ವಿಶ್ವವಿದ್ಯಾಲಯಗಳಲ್ಲಿ ಪಠ್ಯವೆಂದು ಓದಿ ಪದವಿ ಪಡೆದವರೇ ಇಂದು ಜನ್ಮಾಂತರದ ಕಾದಂಬರಿಯನ್ನು ಕಂಡು ಮೂಗು ಮುರಿಯುತ್ತಾರೆ.

ಅದು ಹಳೆಯ ಕಾಲ, ಆಧುನಿಕ ಕೃತಿಗೆ ಅದು ಒಪ್ಪದು ಎನ್ನುವವರುಂಟು. ಶಿವರಾಮ ಕಾರಂತರಿಗೆ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ 'ಮೂಕಜ್ಜಿಯ ಕನಸುಗಳು' ಪ್ರಕಟವಾದದ್ದು ೧೯೬೮ರಲ್ಲಿ. ಅದರ ಅಜ್ಜಿ ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದರ ಪೂರ್ವಕಾಲವೆಲ್ಲ ಅವಳ ಒಳಗಣ್ಣಿಗೆ ಕಾಣುತ್ತದೆ. ವಿಚಾರವಾದಿಯೆಂದು ಹೆಸರಾದ ಕಾರಂತರೇ ತಮ್ಮ ಕಥೆಗೆ ಅತೀಂದ್ರಿಯ ಶಕ್ತಿಯನ್ನು ಬಳಸಿಕೊಂಡರು. ಯಾರನ್ನೂ ಹೆದರಿಸಲು ಅಲ್ಲ. ದೇವರು, ಮದುವೆ, ಮಡಿ ಮುಂತಾದವನ್ನು ನಿರ್ಭಯವಾಗಿ ಪ್ರಶ್ನಿಸಲು. ಹೊರದೇಶದ ಉದಾಹರಣೆ ಬೇಕೆನ್ನುವವರಿಗೆ ೧೮೪೭ರ 'ಜೇನ್ ಏರ್' ಇದೆ. ಷಾರ್ಲಟ್ ಬ್ರಾಂಟೆಯ ಆ ಪ್ರೇಮಕಥೆಯಲ್ಲಿ ನಡುರಾತ್ರಿ ಮನೆಯ ಮೇಲಂತಸ್ತಿನಿಂದ ಭಯಂಕರವಾದ ನಗು ಕೇಳಿಸುತ್ತದೆ. ಕಡೆಯಲ್ಲಿ ಬಹುದೂರದ ಪ್ರಿಯಕರನ ಕೂಗು ನಾಯಿಕೆಯ ಕಿವಿಗೆ ಬೀಳುತ್ತದೆ. ಆದ್ದರಿಂದ ಅತಿಮಾನುಷವಿದೆ ಎಂಬ ಒಂದೇ ಕಾರಣಕ್ಕೆ ಯಾವ ಪುಸ್ತಕವನ್ನೂ ಜಾತಿಯಿಂದ ಹೊರಹಾಕಲಾಗದು. ಆ ಅತಿಮಾನುಷವನ್ನು ಲೇಖಕರು ಯಾವ ಕೆಲಸಕ್ಕೆ ಹಚ್ಚಿದ್ದಾರೆ ಎಂಬುದನ್ನು ವಿಚಾರಿಸಬೇಕು. ವಿಚಾರಿಸಬೇಕಾದರೆ ಓದಬೇಕು. ಅಂದು ಕೂಟದಲ್ಲಿ ಗಟ್ಟಿಯಾಗಿ ಖಂಡಿಸಿದ ಹಿರಿಯರನ್ನು ನಾವು ಆಮೇಲೆ ಕೇಳಿದಾಗ, ಪುಸ್ತಕವನ್ನು ತಾವು ಪೂರ್ತಿಯಾಗಿ ಓದಿಲ್ಲವೆಂದು ಅವರೇ ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಎರಡನೆಯ ಅಭಿಪ್ರಾಯ, 'ಹೊತ್ತು ಹೋಗುವುದಕ್ಕೆ ಓದಿದ್ದು' ಎಂಬುದು. ಇದು ಉದಾರವಾದ ಮಾತಿನಂತೆ ಕೇಳುತ್ತದೆ. ನಿಜವಾಗಿ ಇದು ಓದಿನ ಹೊಣೆಯಿಂದ ನುಣುಚಿಕೊಳ್ಳುವ ಮಾತು. 'ತುಳಸಿದಳ'ದ ಲೇಖಕರು ಎರಡು ದೋಣಿಗಳಲ್ಲಿ ಕಾಲಿಟ್ಟಿದ್ದಾರೆ. ಮಗುವಿಗೆ ಆಗಿರುವುದನ್ನು ವೈದ್ಯಶಾಸ್ತ್ರದಿಂದಲೂ ವಿವರಿಸಬಹುದು, ಮಂತ್ರಶಾಸ್ತ್ರದಿಂದಲೂ ವಿವರಿಸಬಹುದು ಎಂದು ಎರಡು ದಾರಿಗಳನ್ನೂ ತೆರೆದಿಟ್ಟು, ಯಾವುದು ನಿಜವೆಂಬುದನ್ನು ಓದುಗನಿಗೆ ಬಿಟ್ಟಿದ್ದಾರೆ. ಕುತೂಹಲ ಕಾದಂಬರಿಯ ತಂತ್ರವಾಗಿ ಇದು ಜಾಣತನದ್ದು, ಒಪ್ಪುತ್ತೇವೆ. ಹಾಳೆ ತಿರುವದೆ ಇರಲು ನಮ್ಮಿಂದಲೂ ಆಗಲಿಲ್ಲ. ಆದರೆ ಹೆದರಿದ ಮನಸ್ಸು ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯುತ್ತದೆ? ಬಾಣನ ಗಿಳಿ ಮಾತನಾಡಿತೆಂದು ಓದಿ ಯಾರೂ ಗಿಳಿಯ ಬಳಿ ನ್ಯಾಯ ಕೇಳಲು ಹೋಗುವುದಿಲ್ಲ. ಅದು ಕವಿಯ ಲೋಕವೆಂದು ಮಕ್ಕಳಿಗೂ ಗೊತ್ತು. ವೈದ್ಯರ ಮಾತು, ಆಸ್ಪತ್ರೆಯ ವಾತಾವರಣ, ವಿಜ್ಞಾನದ ಪರಿಭಾಷೆ ಇವುಗಳ ನಡುವೆ ಮಾಟವನ್ನು ತಂದು ನಿಲ್ಲಿಸಿದಾಗ ಮಾತ್ರ ಮಾಟಕ್ಕೆ ಒಂದು ಪ್ರಮಾಣಪತ್ರ ಸಿಕ್ಕಿದಂತಾಗುತ್ತದೆ. ಈ ಕಾದಂಬರಿಯ ಬಗ್ಗೆ ನಮ್ಮ ಆಕ್ಷೇಪವಿರುವುದು ಇಲ್ಲಿ.

ತೆಲುಗಿನಲ್ಲಿ ಈ ಆಕ್ಷೇಪವನ್ನು ಆಗಲೇ ಎತ್ತಿದವರಿದ್ದಾರೆ. ಪ್ರಸಿದ್ಧ ಲೇಖಕಿ ರಂಗನಾಯಕಮ್ಮನವರು ಈ ಕಾದಂಬರಿಯನ್ನು ಕಟುವಾಗಿ ಟೀಕಿಸಿ ಒಂದು ಪುಸ್ತಕವನ್ನೇ ಬರೆದರು. ಆ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅವರ ಎಲ್ಲ ಮಾತುಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ಒಬ್ಬ ಓದುಗಳ ಅಭಿಪ್ರಾಯ ಅಲ್ಲಿ ಒಂದು ಪುಸ್ತಕದಷ್ಟು ಬೆಳೆಯಿತು; ನಮ್ಮ ಕೂಟದಲ್ಲಿ ಅಭಿಪ್ರಾಯ ಒಂದು ವಾಕ್ಯವನ್ನು ದಾಟಲಿಲ್ಲ. 'ಚೆನ್ನಾಗಿದೆ', 'ಚೆನ್ನಾಗಿಲ್ಲ', 'ಹೊತ್ತು ಹೋಯಿತು' ಎಂಬಲ್ಲಿಗೆ ನಮ್ಮ ವಿಮರ್ಶೆ ಮುಗಿಯಿತು.

ನಮ್ಮವರೆಲ್ಲ ಕಂಡಿರುವ ಇನ್ನೊಂದು ನಿದರ್ಶನವನ್ನು ಕೊಡುತ್ತೇವೆ. ಮಲಯಾಳದಲ್ಲಿ ೧೯೯೩ರಲ್ಲಿ ಬಂದ 'ಮಣಿಚಿತ್ರತ್ತಾಳ್' ೨೦೦೪ರಲ್ಲಿ ಕನ್ನಡದ 'ಆಪ್ತಮಿತ್ರ'ವಾಯಿತು, ೨೦೦೫ರಲ್ಲಿ ತಮಿಳಿನ 'ಚಂದ್ರಮುಖಿ'ಯಾಯಿತು. ಸೋಮನೂರಿನಲ್ಲಿ ಆ ಚಿತ್ರವನ್ನು ನೋಡದ ಕುಟುಂಬ ಅಪರೂಪ. ಕಥೆಯಲ್ಲಿ ಮನೋವೈದ್ಯ ಸ್ಪಷ್ಟವಾಗಿ ಇದು ಮನಸ್ಸಿನ ಕಾಯಿಲೆ ಎನ್ನುತ್ತಾನೆ. ಆದರೆ ಚಿತ್ರಮಂದಿರದಿಂದ ಹೊರಬಂದವರು ಆಡಿಕೊಂಡ ಮಾತೇನು? "ಅವಳನ್ನು ಹಿಡಿದಿದ್ದ ದೆವ್ವ ಬಿಟ್ಟುಹೋಯಿತು" ಎಂದೇ. ವೈದ್ಯನ ಮಾತು ಚಿತ್ರಮಂದಿರದ ಬಾಗಿಲಲ್ಲೇ ಉಳಿಯಿತು, ದೆವ್ವ ಮಾತ್ರ ನಮ್ಮ ಜೊತೆ ಮನೆಗೆ ಬಂದಿತು. ಕಥೆ ಬರಿಯ ಹೊತ್ತುಗಳೆಯುವ ಸಾಧನವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇನ್ನು ಮೂರನೆಯ ಅಭಿಪ್ರಾಯ, 'ನಮ್ಮ ಮನೆಯಲ್ಲೇ ನಡೆದಿದೆ' ಎಂದ ಆ ತಾಯಿಯದು. ಕೆಲವರು ಅದನ್ನು ಕೇಳಿ ನಕ್ಕರು. ನಗಬಾರದಿತ್ತು. ಕೂಟ ಮುಗಿದ ಮೇಲೆ ಅವರು ನಮ್ಮೊಡನೆ ಹೇಳಿದ್ದಿಷ್ಟು: ಬಹಳ ವರ್ಷಗಳ ಹಿಂದೆ ಅವರ ನಾದಿನಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆಯನ್ನೇ ಮರೆತಳು, ಯಾರೋ ಕರೆಯುತ್ತಿದ್ದಾರೆಂದಳು, ಮಗುವನ್ನು ಕಂಡು ಹೆದರಿದಳು. ಮನೆಯವರು ಮಂತ್ರವಾದಿಯ ಬಳಿಗೆ ಕರೆದೊಯ್ದರು. ಬೇವಿನ ಸೊಪ್ಪಿನ ಏಟು, ಮೆಣಸಿನಕಾಯಿಯ ಹೊಗೆ ಎಲ್ಲವೂ ಆಯಿತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ದಿನಗಳು ಕಳೆದು ಹೋಗಿದ್ದವು. ಜೀವ ಉಳಿಯಿತು, ಆದರೆ 'ದೆವ್ವ ಹಿಡಿದವಳು' ಎಂಬ ಹೆಸರೂ ಉಳಿಯಿತು.

ಆ ತಾಯಿ ಕಂಡದ್ದು ಸುಳ್ಳಲ್ಲ, ಅದಕ್ಕೆ ಇಟ್ಟ ಹೆಸರು ತಪ್ಪು. ಸಾವಿರ ಹೆರಿಗೆಗಳಲ್ಲಿ ಒಂದೆರಡರ ನಂತರ ಬಾಣಂತಿಗೆ ಇಂಥ ತೀವ್ರವಾದ ಮನೋವಿಕಾರ ಬರುವುದುಂಟೆಂದೂ, ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಗುಣವಾಗುತ್ತದೆಂದೂ ವೈದ್ಯರು ಹೇಳುತ್ತಾರೆ. ಕನ್ನಡದಲ್ಲಿ ಇದನ್ನು ಅರವತ್ತು ವರ್ಷಗಳ ಹಿಂದೆಯೇ ಕಾದಂಬರಿಯಾಗಿಸಿದವರು ತ್ರಿವೇಣಿ. ಅವರ 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗಂಡನಿಂದ ನೆರೆಹೊರೆಯವರವರೆಗೆ ಎಲ್ಲರೂ ಅವಳನ್ನು ಅನುಮಾನದಿಂದಲೇ ನೋಡುತ್ತಾರೆ. ಕಾಯಿಲೆ ಬಿಟ್ಟರೂ ಜನ ಬಿಡುವುದಿಲ್ಲ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದಾಗ ಕಲ್ಪನಾ ಅವರ ಅಭಿನಯವನ್ನು ಕಂಡು ಕಣ್ಣೀರಿಟ್ಟವರಲ್ಲಿ ನಾವೂ ಒಬ್ಬರು. ತ್ರಿವೇಣಿಯವರು ಬದುಕಿದ್ದು ೧೯೨೮ರಿಂದ ೧೯೬೩ರವರೆಗೆ, ಕೇವಲ ಮೂವತ್ತೈದು ವರ್ಷ. ಅವರ ಓದುಗರು ಬಹುಮಟ್ಟಿಗೆ ಗೃಹಿಣಿಯರು. ಅವರನ್ನೂ ಅಂದಿನ ಕೆಲವು ಪಂಡಿತರು 'ಹೆಂಗಸರ ಕಾದಂಬರಿಕಾರ್ತಿ' ಎಂದು ಪಕ್ಕಕ್ಕೆ ಸರಿಸಿದ್ದರು.

ಇಲ್ಲಿ ನಮ್ಮನ್ನು ತಪ್ಪಾಗಿ ತಿಳಿಯಬಾರದು. ನಾವು ದೈವಭಕ್ತಿಯ ವಿರೋಧಿಗಳಲ್ಲ. ನಮ್ಮ ಊರಿನ ದೇವಾಂಗ ಬಂಧುಗಳು ಚೌಡೇಶ್ವರಿಯ ಹಬ್ಬದಲ್ಲಿ ಅಲಗನ್ನು ಹಿಡಿದು ತಾಯಿಯನ್ನು ಕರೆಯುವಾಗ ನಮ್ಮ ಮೈಯೂ ಜುಮ್ಮೆನ್ನುತ್ತದೆ. ಅಲ್ಲಿರುವುದು ಊರೆಲ್ಲ ಸೇರಿ ತೋರುವ ಶ್ರದ್ಧೆ. ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಹೊಡೆಯುವುದು ಶ್ರದ್ಧೆಯಲ್ಲ. ಕರ್ನಾಟಕದ ಶಾಸನಸಭೆ ೨೦೧೭ರಲ್ಲಿ ಅಮಾನವೀಯ ಪದ್ಧತಿಗಳ ಮತ್ತು ವಾಮಾಚಾರದ ವಿರುದ್ಧ ಕಾಯ್ದೆ ಮಾಡಿದ್ದು ಇಂಥವುಗಳನ್ನು ತಡೆಯುವುದಕ್ಕೆ. ಆ ಕಾಯ್ದೆಯೂ ಮನುಷ್ಯನನ್ನು ಹಿಂಸಿಸುವವನನ್ನು ಶಿಕ್ಷಿಸುತ್ತದೆಯೇ ಹೊರತು ಕಥೆ ಬರೆದವನನ್ನಲ್ಲ.

ಹಾಗಿದ್ದ ಮೇಲೆ, ಇಷ್ಟೆಲ್ಲ ಆಕ್ಷೇಪಗಳಿರುವ ಪುಸ್ತಕವನ್ನು ಕಪಾಟಿನಿಂದ ತೆಗೆದರೆ ತಪ್ಪೇನು ಎಂದು ಕೇಳಬಹುದು. ಉತ್ತರ ನಮ್ಮ ಊರಿನಲ್ಲಿಯೇ ಇದೆ. ಸೋಮನೂರಿನ ಮನೆಗಳಲ್ಲಿ ಕನ್ನಡ ನಾಲಿಗೆಯ ಮೇಲಿದೆ, ಕಣ್ಣಿನಲ್ಲಿಲ್ಲ. ಅಜ್ಜಿ ಮೊಮ್ಮಗನನ್ನು ಕನ್ನಡದಲ್ಲಿ ಕರೆಯುತ್ತಾಳೆ. ಮೊಮ್ಮಗ ಶಾಲೆಯಲ್ಲಿ ಕಲಿತದ್ದು ತಮಿಳು ಮತ್ತು ಇಂಗ್ಲಿಷ್ ಅಕ್ಷರ. ಕನ್ನಡದ ಒಂದು ಪುಟವನ್ನು ತಡೆಯಿಲ್ಲದೆ ಓದಬಲ್ಲವರು ನಮ್ಮ ಸಂಘದಲ್ಲಿಯೇ ಎಷ್ಟು ಮಂದಿ ಎಂಬುದನ್ನು ಎಲ್ಲರೂ ಬಲ್ಲರು. ಹಾಗೆ ಓದಬಲ್ಲವರಲ್ಲಿ ಹೆಚ್ಚಿನವರು ಕೊಳ್ಳೇಗಾಲ, ಚಾಮರಾಜನಗರದ ಕಡೆಯಿಂದ ಸೊಸೆಯಂದಿರಾಗಿ ಬಂದವರು. ಅವರ ಪೆಟ್ಟಿಗೆಯಲ್ಲಿ ಸೀರೆಯ ಅಡಿಯಲ್ಲಿ ಬಂದದ್ದು ಕಾವ್ಯಮೀಮಾಂಸೆಯಲ್ಲ. ಸಾಯಿಸುತೆ, ತ್ರಿವೇಣಿ, ಯಂಡಮೂರಿ.

ಕೆಲವು ವರ್ಷಗಳ ಹಿಂದೆ ತಮಿಳುನಾಡಿನಲ್ಲಿ ದಿನಕ್ಕೆ ಹತ್ತು ಗಂಟೆ, ಹನ್ನೆರಡು ಗಂಟೆ ವಿದ್ಯುತ್ ಇಲ್ಲದ ಕಾಲವೊಂದಿತ್ತು. ಮಗ್ಗಗಳು ನಿಂತುಹೋಗಿ, ಕೂಲಿಯಿಲ್ಲದೆ ಎಲ್ಲರೂ ಬೀದಿಗೆ ಬಂದು ಕುಳಿತಿದ್ದ ದಿನಗಳು. ಹಗಲಿರುಳೂ ಮಗ್ಗದ ಸದ್ದಿರುವ ಬೀದಿಯಲ್ಲಿ ಒಬ್ಬರು ಓದಿದ್ದು ಇನ್ನೊಬ್ಬರಿಗೆ ಕೇಳಿಸುವುದೇ ಇಲ್ಲ. ಸದ್ದು ನಿಂತ ಆ ಹೊತ್ತಿನಲ್ಲಿ ನಮ್ಮ ಬೀದಿಯ ಜಗಲಿಯೊಂದರಲ್ಲಿ ಒಬ್ಬ ಸೊಸೆ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆ, ನಾದಿನಿ, ಅಕ್ಕಪಕ್ಕದ ಮನೆಯ ಹೆಂಗಸರು ಏಳೆಂಟು ಮಂದಿ ಸುತ್ತ ಕುಳಿತು ಕೇಳುತ್ತಿದ್ದರು. ಓದುತ್ತಿದ್ದುದು 'ತುಳಸಿದಳ'. ವಿದ್ಯುತ್ ಬಂದು ಮಗ್ಗ ಮತ್ತೆ ಶುರುವಾದಾಗ, ಕಥೆ ಅರ್ಧಕ್ಕೆ ನಿಂತಿತಲ್ಲಾ ಎಂದು ಅವರು ನೊಂದುಕೊಳ್ಳುತ್ತಿದ್ದರು. ಆ ಏಳೆಂಟು ಮಂದಿಯಲ್ಲಿ ಇಬ್ಬರು, ಕಥೆಯ ಮುಂದಿನ ಭಾಗಕ್ಕೆ ಕಾಯಲಾರದೆ, ಕನ್ನಡ ಅಕ್ಷರ ಕಲಿಯಲು ಹಠ ಹಿಡಿದರು. ಕನ್ನಡ ಕಲಿಯಿರೆಂದು ನಾವು ವರ್ಷಗಟ್ಟಲೆ ಮಾಡಿದ ಭಾಷಣದಿಂದ ಆಗದ ಕೆಲಸವನ್ನು ನಮ್ಮ ಹಿರಿಯರು 'ಮನೆಯೊಳಗೆ ಇಡಬಾರದು' ಎನ್ನುವ ಪುಸ್ತಕ ಮಾಡಿತು.

ಈ ಪುಸ್ತಕಗಳನ್ನು ತೆಗೆದುಬಿಟ್ಟರೆ ಆ ಹೆಂಗಸರು ಪಂಪ, ಕುವೆಂಪು ಅವರ ಕಡೆಗೆ ತಿರುಗುತ್ತಾರೆಂದು ನಂಬುವವರು ನಮ್ಮ ಮನೆಗಳನ್ನು ಒಮ್ಮೆ ನೋಡಬೇಕು. ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಕೊಯಮತ್ತೂರಿನವರೇ ಆದ ರಾಜೇಶ್‌ಕುಮಾರರ ಪತ್ತೇದಾರಿ ಕಾದಂಬರಿಗಳಿವೆ, ರಮಣಿಚಂದ್ರನ್ ಅವರ ಪ್ರೇಮಕಥೆಗಳಿವೆ. ಇಂದ್ರಾ ಸೌಂದರ್‌ರಾಜನ್ ಅವರ 'ಮರ್ಮದೇಶಂ' ಧಾರಾವಾಹಿಯನ್ನು ಇಡೀ ಊರೇ ಕುಳಿತು ನೋಡಿದೆ. ಅವರೆಲ್ಲ ತಮಿಳಿನ ಜನಪ್ರಿಯ ಲೇಖಕರು, ಅವರ ಬಗ್ಗೆ ನಮಗೆ ಗೌರವವಿದೆ. ಅನ್ನ ಕೊಟ್ಟ ನಾಡಿನ ಭಾಷೆಯನ್ನು ಓದಬೇಡಿ ಎನ್ನುವಷ್ಟು ಕೃತಘ್ನರು ನಾವಲ್ಲ. ಆದರೆ ದೆವ್ವದ ಕಥೆ ತಮಿಳಿನಲ್ಲಿ ಬೇಕಾದಷ್ಟು ಸಿಗುವಾಗ ಕನ್ನಡದಲ್ಲಿ ಮಾತ್ರ ಅದಕ್ಕೆ ಬೀಗ ಹಾಕಿದರೆ ದೆವ್ವ ಹೋಗುವುದಿಲ್ಲ, ಕನ್ನಡ ಹೋಗುತ್ತದೆ.

ಈ ಮಾತನ್ನು ನಾವು ಅನುಭವವಿಲ್ಲದೆ ಹೇಳುತ್ತಿಲ್ಲ. ಗಡಿಭಾಗದ ಒಂದು ಕನ್ನಡ ಶಾಲೆಯಲ್ಲಿ ನಾವು ಮುಖ್ಯೋಪಾಧ್ಯಾಯರಾಗಿದ್ದಾಗ, ಹತ್ತನೆಯ ತರಗತಿಯ ಒಬ್ಬ ಹುಡುಗಿ ಸಮಾಜ ಪಾಠದ ಪುಸ್ತಕದೊಳಗೆ ಒಂದು ಕಾದಂಬರಿಯನ್ನಿಟ್ಟುಕೊಂಡು ಓದುತ್ತಿದ್ದುದನ್ನು ಹಿಡಿದೆವು. ಹೊದಿಕೆಯ ಮೇಲೆ ಪಾಳುಬಂಗಲೆ, ಬಿಳಿಸೀರೆಯ ಹೆಂಗಸು, ಕೈಯಲ್ಲಿ ದೀಪ. ಪುಸ್ತಕವನ್ನು ಕಿತ್ತುಕೊಂಡು ನಮ್ಮ ಕೊಠಡಿಯ ಬೀರುವಿನಲ್ಲಿ ಬೀಗ ಹಾಕಿಟ್ಟೆವು. ಅವಳ ತಂದೆಯನ್ನು ಕರೆಸಿ ಎಲ್ಲರೆದುರಿಗೆ ಬುದ್ಧಿ ಹೇಳಿದೆವು. ಶಿಸ್ತಿನ ಕೆಲಸ ಮಾಡಿದೆವೆಂಬ ಹೆಮ್ಮೆಯೂ ನಮಗಿತ್ತು. ಇಪ್ಪತ್ತು ವರ್ಷಗಳ ಮೇಲೆ ಒಂದು ಮದುವೆಯ ಮನೆಯಲ್ಲಿ ಅವಳು ಮಕ್ಕಳೊಡನೆ ಬಂದು ಕಾಲಿಗೆ ನಮಸ್ಕರಿಸಿದಳು. ಕುಶಲಪ್ರಶ್ನೆಗಳಾದ ಮೇಲೆ ನಗುತ್ತಲೇ ಕೇಳಿದಳು: "ಸಾರ್, ಆ ಕಾದಂಬರಿಯಲ್ಲಿ ಕೊನೆಗೆ ಏನಾಯಿತು? ಆ ಬಿಳಿಸೀರೆಯವಳು ನಿಜವಾಗಿ ದೆವ್ವವೋ, ಮನುಷ್ಯಳೋ?" ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಆ ಪುಸ್ತಕವನ್ನು ಓದಿರಲಿಲ್ಲ. "ಅದಾದ ಮೇಲೆ ಕನ್ನಡ ಪುಸ್ತಕ ಮುಟ್ಟಲಿಲ್ಲ ಸಾರ್, ಅಪ್ಪ ಬಿಡಲಿಲ್ಲ" ಎಂದಳು. ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಅಂದು ನಾವು ಮಾಡಬೇಕಾಗಿದ್ದುದು ಇಷ್ಟೇ: ಒಂದು ರಾತ್ರಿ ಕುಳಿತು ಆ ಪುಸ್ತಕವನ್ನು ಓದಿ, ಮರುದಿನ ಅವಳಿಗೆ ಹಿಂತಿರುಗಿಸಿ, ಕೆಲವು ಪ್ರಶ್ನೆಗಳನ್ನು ಕೇಳಬೇಕಾಗಿತ್ತು. ಅವೇ ಪ್ರಶ್ನೆಗಳನ್ನು ಈಗ ಸಂಘದ ಓದುಗರ ಮುಂದಿಡುತ್ತೇವೆ. ಕಥೆಯಲ್ಲಿ ಭಯದ ಕಾರಣಕ್ಕೆ ಏಟು ತಿನ್ನುವವರು ಯಾರು? ಬಹುತೇಕ ಕಥೆಗಳಲ್ಲಿ ದೆವ್ವವಾಗುವವಳೂ ಹೆಣ್ಣು, ದೆವ್ವ ಹಿಡಿಯುವುದೂ ಹೆಣ್ಣಿಗೆ. ಮಾಟ ಮಾಡುವವನು ಕಾಡಿನ ಬಡವ. ಇದೇಕೆ ಹೀಗೆ? ಕಥೆಯ ಪ್ರೇಮದಲ್ಲಿ ಹೆಣ್ಣಿನ ಒಪ್ಪಿಗೆ ಇದೆಯೇ, ಅಥವಾ ಹಿಂಬಾಲಿಸಿ ಪೀಡಿಸುವುದನ್ನೇ ಪ್ರೇಮವೆಂದು ಲೇಖಕರು ನಂಬಿಸುತ್ತಿದ್ದಾರೆಯೇ? ಕೊನೆಯಲ್ಲಿ ಗಂಟು ಬಿಚ್ಚಿಕೊಳ್ಳುವುದು ಕಾರಣಗಳಿಂದಲೋ, ಲೇಖಕರು ತೇಲಿಸಿಬಿಟ್ಟದ್ದರಿಂದಲೋ? ಈ ಪ್ರಶ್ನೆಗಳಿಗೆ ಉತ್ತರ ಹೇಳಲು ಪಾಂಡಿತ್ಯ ಬೇಕಿಲ್ಲ. ಜಗಲಿಯ ಮೇಲೆ ಕುಳಿತು ಕೇಳಿದ ಆ ಹೆಂಗಸರು ನಮಗಿಂತ ಚೆನ್ನಾಗಿ ಉತ್ತರ ಹೇಳಬಲ್ಲರು.

ಆದ್ದರಿಂದ ನಮ್ಮ ವಿನಂತಿ ಇಷ್ಟು. ಕಪಾಟಿನಿಂದ ಒಂದು ಪುಸ್ತಕವನ್ನೂ ತೆಗೆಯುವುದು ಬೇಡ. 'ತುಳಸಿದಳ' ಇದ್ದಲ್ಲಿಯೇ ಇರಲಿ. ಅದರ ಪಕ್ಕದಲ್ಲಿ 'ಶರಪಂಜರ'ವನ್ನೂ 'ಮೂಕಜ್ಜಿಯ ಕನಸುಗಳು' ಕೃತಿಯನ್ನೂ ಇಡೋಣ. ಕಪಾಟಿಗೆ ಒಂದು ದಪ್ಪ ನೋಟುಪುಸ್ತಕವನ್ನು ದಾರ ಕಟ್ಟಿ ತೂಗುಹಾಕೋಣ. ಪುಸ್ತಕ ಹಿಂತಿರುಗಿಸುವವರು ಅದರಲ್ಲಿ ತಮ್ಮ ಅಭಿಪ್ರಾಯವನ್ನು ಬರೆಯಲಿ, ಕನ್ನಡ ಅಕ್ಷರ ಬಾರದವರು ಹೇಳಿ ಬರೆಸಲಿ. ಖಂಡಿಸುವವರೂ ಬರೆಯಲಿ, ಆದರೆ ಕೊನೆಯ ಪುಟದವರೆಗೆ ಓದಿದ ಮೇಲೆ. ಮುಂದಿನ ಕೂಟಕ್ಕೆ ಹಿಂದಿನ ಸಾಲಿನ ಆ ತಾಯಿಯನ್ನು ಮುಂದಿನ ಸಾಲಿಗೆ ಕರೆದು ಕೂರಿಸಿ, 'ಶರಪಂಜರ'ವನ್ನು ಗಟ್ಟಿಯಾಗಿ ಓದಿಸೋಣ. ತಮ್ಮ ನಾದಿನಿಗೆ ಆದದ್ದೇನೆಂಬುದು ಆಗ ಅವರಿಗೆ ಒಬ್ಬ ಕನ್ನಡದ ಹೆಣ್ಣುಮಗಳ ಮಾತಿನಲ್ಲಿಯೇ ತಿಳಿಯುತ್ತದೆ.

ಬೀಗ ಹಾಕಲೇಬೇಕೆನ್ನುವವರಿಗೆ ಕೊನೆಯದಾಗಿ ಒಂದು ಮಾತು. ನಾವು ಒಮ್ಮೆ ಹಾಕಿ ನೋಡಿದ್ದೇವೆ. ಆ ಬೀರುವಿನಲ್ಲಿದ್ದ ಪುಸ್ತಕ ಈಗ ಎಲ್ಲಿದೆಯೋ ತಿಳಿಯದು. ಸಿಕ್ಕಿದರೆ ಓದಿ ಮುಗಿಸಿ, ಬಿಳಿಸೀರೆಯವಳು ಯಾರೆಂಬುದನ್ನು ಆ ಮಗಳಿಗೆ ತಿಳಿಸಬೇಕಾಗಿದೆ.